ಬೆಂಕಿ ಹತ್ತದ ಇಂಜಿನ್ನು

ನಮ್ಮ ಬಸ್ಸಿನ ಹಳೇ ಪೆಟ್ರೋಲ್ ಇಂಜಿನ್ನನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಅದನ್ನು ಕಿತ್ತುಹಾಕಿ ಡೀಸೆಲ್ ಇಂಜಿನ್ ಕೂರಿಸುವುದೋ ಎಂಬ ಮಾತು ಮನೆಯವರಲ್ಲಿ ಎದ್ದಾಗ ನನ್ನ ಗಂಡ ದೊಡ್ಡಾಸ್ಪತ್ರೆಯ ಮಂಚದ ಮೇಲೆ ಮಲಗಿದ್ದರು. ಬಲಗೈ ಮೊಣಕೈವರೆಗೂ ಸುಟ್ಟಿತ್ತು. ಕತ್ತಿನ ಒಂದು ಪಕ್ಕವೂ ಸುಟ್ಟಿತ್ತು. ಸುಟ್ಟ ಜಾಗಕ್ಕೆಲ್ಲ ನೇರಳೆ ಬಣ್ಣದ ಔಷಧಿ ಬಳಿದಿದ್ದರು. ಹೊದಿಕೆ ತಾಗಬಾರದೆಂದು ಬಿದಿರಿನ ಕಮಾನು ಇಟ್ಟು ಅದರ ಮೇಲೆ ಬಟ್ಟೆ ಹರಡಿದ್ದರು. ನಾನು ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದೆ. ಇಂಜಿನ್ನಿನ ಮಾತು ನನ್ನ ಕಿವಿಗೆ ಬೀಳುತ್ತಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಒಂದೆರಡು ವರ್ಷಕ್ಕೆ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಮಂಡಿ ಮೊಹಲ್ಲಾದಲ್ಲಿ ಮನೆ, ಹಿತ್ತಲಿನಲ್ಲಿ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಬಸ್ಸು. ನಮ್ಮ ಮಾವ ವರುಣದ ಕಡೆಯ ಹಳ್ಳಿಯವರು. ಗಾಡಿಯಲ್ಲಿ ಬೆಲ್ಲ ತುಂಬಿಕೊಂಡು ಮಂಡಿಗೆ ಬರುತ್ತಾ ಬರುತ್ತಾ ಇಲ್ಲಿಯೇ ನೆಲೆಯಾದವರಂತೆ. ನಾನು ಬರುವಷ್ಟರಲ್ಲಿ ಅವರು ತೀರಿಹೋಗಿದ್ದರು. ಮನೆಯಲ್ಲಿ ಇದ್ದವರು ನಾಲ್ಕೇ ಜನ: ಅತ್ತೆ, ಭಾವ, ನನ್ನ ಗಂಡ, ನಾನು. ಭಾವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋದಮೇಲೆ ಅವರು ಮತ್ತೆ ಮದುವೆಯಾಗಲಿಲ್ಲ. ಬಸ್ಸು ಮೈಸೂರಿಗೂ ನರಸೀಪುರಕ್ಕೂ ಓಡಾಡುತ್ತಿತ್ತು. ಟಿಕೆಟ್ಟು, ಪರ್ಮಿಟ್ಟು, ಜನರ ಜೊತೆಗಿನ ಮಾತುಕತೆ ಎಲ್ಲ ಭಾವನದು. ಓಡಿಸುವುದೂ ಇಂಜಿನ್ ನೋಡಿಕೊಳ್ಳುವುದೂ ನನ್ನ ಗಂಡನದು.

ಯುದ್ಧದ ಕಾಲದಲ್ಲಿ ಹಿಂದೆ ಡ್ರಮ್ಮು ಕಟ್ಟಿ ಇದ್ದಲ ಹೊಗೆಯಲ್ಲಿ ಓಡಿದ ಬಸ್ಸದು. ಆಮೇಲೆ ಪೆಟ್ರೋಲಿಗೆ ಬಂತು. ಮುದುಕಿಯ ಹಾಗೆ ದಿನಕ್ಕೊಂದು ತಕರಾರು. ಆದರೆ ಅದರ ಕಾರ್ಬುರೇಟರ್ ನನ್ನ ಗಂಡನ ಕೈಮಾತು ಕೇಳುತ್ತಿತ್ತು. ಪೆಟ್ರೋಲಿಗೂ ಗಾಳಿಗೂ ಹದ ಬೆರೆಸಿ ಇಂಜಿನ್ನಿಗೆ ಕೊಡುವ ಆ ಪುಟ್ಟ ಡಬ್ಬಿಗೆ ಒಂದು ತಿರುಪು ಇರುತ್ತದೆ. ಅವರು ಬಾನೆಟ್ಟಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಆ ತಿರುಪನ್ನು ಕೂದಲೆಳೆಯಷ್ಟು ಈ ಕಡೆ ಆ ಕಡೆ ಮಾಡುತ್ತಿದ್ದರು. ಕೆಮ್ಮುತ್ತಿದ್ದ ಇಂಜಿನ್ನು ಹಸು ಮೆಲುಕು ಹಾಕುವ ಹಾಗೆ ಒಂದೇ ಸಮ ಆಗಿಬಿಡುತ್ತಿತ್ತು. ಟ್ಯಾಕ್ಸಿಯವರು ದೇವರಾಜ ಮೊಹಲ್ಲಾದಿಂದೆಲ್ಲ ಹುಡುಕಿಕೊಂಡು ಬಂದು, "ಒಂದ್ಸಲ ಕೈ ಹಾಕ್ಕೊಡಿ ಸಾರ್" ಅನ್ನುತ್ತಿದ್ದರು. ಹೆಚ್ಚು ಮಾತಿನ ಮನುಷ್ಯರಲ್ಲ ಅವರು. ಅವರ ಹೆಮ್ಮೆಯೆಲ್ಲ ಆ ಕೈಯಲ್ಲಿತ್ತು.

ಧನುರ್ಮಾಸದ ಒಂದು ಬೆಳಿಗ್ಗೆ, ಮಂಜು ಕವಿದಿದ್ದಾಗ, ಇಂಜಿನ್ನು ಹತ್ತಲೇ ಇಲ್ಲ. ಮಾರ್ಕೆಟ್ಟಿನ ಬಳಿ ಜನ ಕಾಯುತ್ತಿದ್ದರು. ಅಂಥ ಚಳಿಯಲ್ಲಿ ಎಲ್ಲ ಬಸ್ಸಿನವರೂ ಮಾಡುತ್ತಿದ್ದುದನ್ನೇ ಇವರೂ ಮಾಡಿದರು. ಕಾರ್ಬುರೇಟರಿನ ಬಾಯಿ ತೆಗೆದು ಒಂದಿಷ್ಟು ಪೆಟ್ರೋಲನ್ನು ಕೈಯಾರೆ ಸುರಿದರು. ಭಾವ ಬಸ್ಸಿನ ಮುಂದೆ ನಿಂತು ಇಂಜಿನ್ ತಿರುಗಿಸುವ ಹ್ಯಾಂಡಲ್ ಹೊಡೆದರು. ನಾನು ಒಲೆಯ ಮುಂದೆ ಇದ್ದೆ. ಢಬ್ ಎಂದು ಸದ್ದಾಯಿತು, ಅಡುಗೆಮನೆಯ ಗೋಡೆಯೆಲ್ಲ ಒಂದು ಕ್ಷಣ ಹಳದಿಯಾಯಿತು. ಓಡಿಹೋಗಿ ನೋಡುತ್ತೇನೆ, ಇವರು ಕೈಗೆ ಅಂಟಿದ ಕೆಸರು ಕೊಡವುವವರ ಹಾಗೆ ಬೆಂಕಿಯನ್ನು ಕೊಡವುತ್ತಿದ್ದಾರೆ. ಬಾಯಿಂದ ಒಂದು ಸದ್ದೂ ಇಲ್ಲ. ಕೂಗುತ್ತಿದ್ದವರು ಭಾವ. ಗೋಣಿತಾಟು ತಂದು ಮೈಮೇಲೆ ಹೊದಿಸಿ ಅಪ್ಪಿಕೊಂಡು ನೆಲಕ್ಕೆ ಉರುಳಿದವರೂ ಭಾವನೇ. ಅಕ್ಕಪಕ್ಕದವರು ಮರಳೆರಚಿ ಇಂಜಿನ್ನಿನ ಬೆಂಕಿ ಆರಿಸಿದರು.

ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಹೊರಗೆ ಬೇಸಿಗೆ ಶುರುವಾಗಿತ್ತು. ಗಾಯ ಮಾಗಿತು, ಆದರೆ ಚರ್ಮ ಎಳೆದುಕೊಂಡು ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಿಸಿಕೊಂಡವು. ಮಿಕ್ಕ ಬೆರಳುಗಳಿಗೂ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ಬಸ್ಸು ಶೆಡ್ಡಿನಲ್ಲೇ ನಿಂತಿತ್ತು. ಕಾರ್ಬುರೇಟರ್ ಕರಗಿ ಸೀಳಿತ್ತು, ವೈರುಗಳೆಲ್ಲ ಸುಟ್ಟಿದ್ದವು.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಚರ್ಚಿನ ಹಿಂದಿನ ಬೀದಿಯಲ್ಲಿ ಮನೆಯಿದ್ದ ಕ್ರೈಸ್ತರ ಫಿಟ್ಟರೊಬ್ಬರನ್ನು ಭಾವ ಕರೆಸಿದ್ದರು. ದೊಡ್ಡ ಕೆಲಸಗಳಿಗೆಲ್ಲ ನಮಗೆ ಅವರೇ ಆಗುತ್ತಿದ್ದುದು.

"ಡೀಸೆಲ್ಲೇ ಕೂರಿಸ್ಬುಡಾನ ಕಣೋ," ಎಂದರು ಭಾವ ತಮ್ಮನಿಗೆ. "ಅದ್ಕೆ ಕಾರ್ಬುರೇಟರೂ ಇಲ್ಲ, ಕಿಡಿ ಹಾರ್ಸೋ ಪ್ಲಗ್ಗೂ ಇಲ್ಲ. ಪಂಪು ಎಣ್ಣೇನ ನಾಜಲ್‌ಗೆ ತಳ್ತದೆ, ನಾಜಲ್ಲು ಇಂಜಿನ್ ಒಳಕ್ಕೇ ಚಿಮ್ಮುಸ್ತದೆ. ಉರಿಯೋದೆಲ್ಲ ಒಳಗೇ. ಖರ್ಚೂ ಕಮ್ಮಿ."

"ಪಂಪು ಕೆಟ್ರೆ?" ನನ್ನ ಗಂಡ ಕೇಳಿದರು. "ಮೈಸೂರಲ್ಲಿ ಅದನ್ನ ಬಿಚ್ಚೋರು ಯಾರವ್ರೆ? ಸೀಸದ ಸೀಲ್ ಹೊಡ್ದು ಕಳಿಸ್ತಾರೆ, ನಾವು ಮುಟ್ಟಂಗೇ ಇಲ್ಲ. ಬೆಂಗಳೂರಿಗೇ ಹೊತ್ಕೊಂಡು ಹೋಗ್ಬೇಕು. ಅಲ್ದೆ ಆ ಇಂಜಿನ್ನು ಎಷ್ಟು ಭಾರ ಗೊತ್ತಾ ಅಣ್ಣ? ನಮ್ಮ ಚಾಸಿ ಹಳೇದು. ಆ ನಡುಕಕ್ಕೆ ಬಾಡಿ ಬಿಚ್ಕೊಂಡೇ ಬೀಳ್ತದೆ. ಬೇರೆ ಕಾರ್ಬುರೇಟರ್ ತಂದು ಹಾಕಿದ್ರೆ ಇದೇ ಇನ್ನೂ ಓಡ್ತದೆ."

"ಓಡ್ತದೆ. ಮತ್ತೆ ಒಂದಿನ ಹೊತ್ಕೋತದೆ."

"ಅದು ಕಾರ್ಬುರೇಟರ್ ತಪ್ಪಲ್ಲ."

ಭಾವ ಎದ್ದುಹೋಗಿ ಬಾಗಿಲಲ್ಲಿ ನಿಂತರು. ಫಿಟ್ಟರು ಗಡ್ಡ ಕೆರೆದುಕೊಂಡು, "ಇಬ್ರೂ ಹೇಳ್ತಿರೋದು ನಿಜಾನೇ ಕಣ್ರೀ. ಯಾವುದ್ನ ಹಾಕಿದ್ರೂ ಒಂದು ಕಷ್ಟ ಇದ್ದದ್ದೇ. ನಾನು ಎರಡ್ನೂ ಕೂರಿಸ್ಕೊಡ್ತೀನಿ, ಯಾವುದು ಅಂತ ನೀವು ಹೇಳಿ," ಎಂದರು.

ಆಗ ಅತ್ತೆ ಬಾಯಿ ಬಿಟ್ಟರು. "ನೀವಿಬ್ರೂ ಇಂಜಿನ್ನು ಇಂಜಿನ್ನು ಅಂತ ಬಡ್ಕೋತಿದೀರ. ಆಸ್ಪತ್ರೇಲಿ ನಿದ್ದೆಗೆಟ್ಟು ಕೂತಿದ್ದೋಳು ಇವ್ಳು. ಇವ್ಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ನಮ್ಮ ಮನೆಯಲ್ಲಿ ಬಸ್ಸಿನ ವಿಷಯಕ್ಕೆ ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದಾಗ ನನ್ನ ಮನಸ್ಸಿನಲ್ಲಿ ಆ ಹಳದಿ ಗೋಡೆ ಇತ್ತು.

"ನಂಗೆ ಇಂಜಿನ್ ವಿಷ್ಯ ಗೊತ್ತಿಲ್ಲ ಭಾವ," ಎಂದೆ. "ಬೆಂಕಿ ಹತ್ತದೇ ಇರೋದು ಯಾವುದೋ, ಅದು ಬರ್ಲಿ."

ನನ್ನ ಗಂಡ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವೇನೂ ಇರಲಿಲ್ಲ. ಗುರುತಿಲ್ಲದವರು ಮನೆ ಬಾಗಿಲಿಗೆ ಬಂದರೆ ನೋಡುತ್ತೇವಲ್ಲ, ಹಾಗೆ ನೋಡಿದರು. "ಆಯ್ತು ಬುಡು. ಅಂಗೇ ಮಾಡಿ," ಎಂದು ಎದ್ದು ಹಿತ್ತಲಿಗೆ ಹೋದರು.

ಬೆಂಗಳೂರಿನಿಂದ ಒಂದು ಲಾರಿಯ ಹಳೇ ಡೀಸೆಲ್ ಇಂಜಿನ್ನು ಬಂತು. ಫಿಟ್ಟರು ಚಾಸಿಗೆ ಕಬ್ಬಿಣದ ಪಟ್ಟಿ ಕೊಟ್ಟು, ರಬ್ಬರು ಇಟ್ಟು, ಅಂತೂ ಅದನ್ನು ಕೂರಿಸಿದರು. ಹಳೇ ಇಂಜಿನ್ನನ್ನು ಶೆಡ್ಡಿನ ಮೂಲೆಯಲ್ಲಿ ಹಲಗೆಗಳ ಮೇಲಿಟ್ಟು ಟಾರ್ಪಾಲು ಹೊದಿಸಿದರು. ಹೊಸದನ್ನು ಮೊದಲ ದಿನ ಚಾಲೂ ಮಾಡಿದಾಗ ಅಡುಗೆಮನೆಯ ತಟ್ಟೆಗಳು ಗೂಡಿನಲ್ಲಿ ಗಲಗಲ ಎಂದವು. ಬಸ್ಸಿನ ಕಿಟಕಿ, ಬಾಗಿಲು, ಸೀಟು ಒಂದೊಂದೂ ಒಂದೊಂದು ರಾಗದಲ್ಲಿ ನಡುಗುತ್ತಿದ್ದವು. ನರಸೀಪುರದ ಮೊಸರಿನವಳು, "ಇಳಿಯೋ ಹೊತ್ಗೆ ಮೊಸ್ರು ಮಜ್ಜಿಗೆ ಆಗಿರ್ತದೆ ಕಣಪ್ಪ," ಎಂದು ಭಾವನನ್ನು ಆಡಿಕೊಂಡಳಂತೆ. ಆದರೂ ಬಸ್ಸು ಓಡಿತು. ಓಡಿಸುತ್ತಿದ್ದವರು ಈಗ ಭಾವ. ಟಿಕೆಟ್ಟಿಗೆ ಬೇರೆಯವರನ್ನು ಇಟ್ಟರು. ನನ್ನ ಗಂಡನ ಕೈಗೆ ಸ್ಟೀರಿಂಗ್ ಹಿಡಿಯುವ ಬಲ ಇರಲಿಲ್ಲ.

ಅವರಿಗೆ ಮಾಡಲು ಏನೂ ಇರಲಿಲ್ಲ. ಡೀಸೆಲ್ ಇಂಜಿನ್ನಿಗೆ ಅವರ ಕಿವಿಯೂ ಬೇಡ, ಬೆರಳೂ ಬೇಡ. ಅದರ ಹದವೆಲ್ಲ ಆ ಪಂಪಿನ ಒಳಗೆ, ತಂತಿಯ ಸೀಲಿನ ಹಿಂದೆ ಕೂತಿತ್ತು. ಟ್ಯಾಕ್ಸಿಯವರು ಬಂದರೆ, "ಕೈ ಸರಿಯಿಲ್ಲ" ಎಂದು ವಾಪಸ್ಸು ಕಳಿಸುತ್ತಿದ್ದರು. ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಬೀದಿಗೆ ಹೋಗಿಬಿಡುತ್ತಿದ್ದರು, ಸದ್ದು ದೂರವಾದ ಮೇಲೆ ಬರುತ್ತಿದ್ದರು. ಇದು ನನ್ನ ಮೇಲಿನ ಸಿಟ್ಟೆಂದೇ ನಾನು ತಿಳಿದೆ. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಅಷ್ಟೇ.

ಒಂದು ದಿನ ತಡೆಯಲಾಗದೆ ಕೇಳಿದೆ. "ಆವತ್ತು ನಾನು ಹೇಳಿದ್ದು ತಪ್ಪಾಯ್ತೇನ್ರೀ?"

"ತಪ್ಪು ಅಂತ ಯಾರಂದ್ರು?"

"ಮತ್ತೆ ಯಾಕೆ ಹಿಂಗಿದೀರ?"

"ಹೆಂಗಿದೀನಿ?" ಎಂದು ಅವರು ತಟ್ಟೆ ನೋಡುತ್ತಾ ಅನ್ನ ಕಲೆಸಿದರು. ಎಡಗೈಯಲ್ಲಿ ಊಟ ಮಾಡುವುದು ಆಗ ಅವರಿಗಿನ್ನೂ ಅಭ್ಯಾಸವಾಗಿರಲಿಲ್ಲ. ಅಗುಳು ನೆಲಕ್ಕೆ ಬೀಳುತ್ತಿತ್ತು. ನಾನು ಅದನ್ನು ಆರಿಸತೊಡಗಿದೆ.

ಮಳೆಗಾಲದ ಕೊನೆಯಲ್ಲಿ ಬಸ್ಸು ಕರೀ ಹೊಗೆ ಉಗುಳಲು ಶುರುಮಾಡಿತು. ವರುಣದ ಏರಿನಲ್ಲಿ ಜನ ಇಳಿದು ನಡೆಯಬೇಕಾಯಿತು. ಪಂಪು ಬಿಚ್ಚಿ ಬೆಂಗಳೂರಿಗೆ ಒಯ್ಯಲೇಬೇಕೆಂದು ಭಾವ ಹೇಳಿ, ಪರ್ಮಿಟ್ಟಿನ ಕೆಲಸಕ್ಕೆಂದು ಕಚೇರಿಗೆ ಹೋದರು. ಸ್ವಲ್ಪ ಹೊತ್ತಿಗೆ ನಾನು ನೀರು ತರಲು ಹಿತ್ತಲಿಗೆ ಹೋದರೆ ನನ್ನ ಗಂಡ ಶೆಡ್ಡಿನ ನೆಲದ ಮೇಲೆ ಹಳೇ ಪತ್ರಿಕೆ ಹಾಸಿಕೊಂಡು ಕೂತಿದ್ದಾರೆ. ಮುಂದೆ ಪಂಪು ಬಿಚ್ಚಿಕೊಂಡು ಬಿದ್ದಿದೆ. ಸೀಲು ಒಡೆದಿದೆ.

ಬೇಡವೆನ್ನಲು ಹೋದವಳು ಅವರ ಮುಖ ನೋಡಿದೆ. ಎಷ್ಟೋ ತಿಂಗಳಿಂದ ನಾನು ಕಾಣದಿದ್ದ ಮುಖ ಅದು. ತುಟಿ ಬಿಗಿಹಿಡಿದು, ಮಡಿಸಿದ ಬೆರಳಿನ ಸಂದಿಯಲ್ಲಿ ಒಂದು ಸಣ್ಣ ಸರಳನ್ನು ಸಿಕ್ಕಿಸಿಕೊಂಡು, ಎಡಗೈಯಲ್ಲಿ ಒರೆಸುತ್ತಿದ್ದರು. ಬಾಗಿಲಲ್ಲಿ ಅತ್ತೆ, "ಅಣ್ಣ ಬರ್ಲಿ ಇರು, ಏನಂತಾನೋ," ಎಂದು ಗೊಣಗಿದರು. ನಾನು ಕಾಫಿ ಮಾಡಿ ತಂದು ಅವರ ಪಕ್ಕದಲ್ಲಿಟ್ಟು ಸುಮ್ಮನೆ ಒಳಗೆ ಬಂದೆ.

ಭಾವ ಬರುವಷ್ಟರಲ್ಲಿ ಪಂಪು ಮತ್ತೆ ತನ್ನ ಜಾಗದಲ್ಲಿ ಕೂತಿತ್ತು. ಗಾಳಿ ಸೋಸುವ ಡಬ್ಬಿಯನ್ನು ಮಾತ್ರ ಇನ್ನೂ ಹಾಕಿರಲಿಲ್ಲ.

"ಸೀಲ್ ಒಡೆದ್ಯೇನೋ?" ಭಾವ ಕೇಳಿದರು.

"ಒಡೆದೆ. ಹತ್ತು, ಸ್ಟಾರ್ಟ್ ಮಾಡು."

ಭಾವ ಬಯ್ಯುತ್ತಲೇ ಹತ್ತಿ ಗುಂಡಿ ಒತ್ತಿದರು. ಇಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಹೊಗೆಯಿಲ್ಲ. ನನ್ನ ಗಂಡ ನನ್ನ ಕಡೆ ತಿರುಗಿ ನಕ್ಕರು. ಆ ನಗು ಪೂರ್ತಿಯಾಗುವುದರೊಳಗೆ ಸದ್ದು ಏರಿತು. ಭಾವ ಕಾಲು ತೆಗೆದರೂ ಇಳಿಯಲಿಲ್ಲ. ಇನ್ನೂ ಏರಿತು. ಗುಡುಗುಡು ಹೋಗಿ ಗರ್ಜನೆಯಾಯಿತು, ಗರ್ಜನೆ ಹೋಗಿ ಕಿರುಚಾಟವಾಯಿತು. ಬಸ್ಸೆಲ್ಲ ಕುಣಿಯುತ್ತಿತ್ತು. ತಗಡಿನ ಮೇಲಿಂದ ಮಣ್ಣು ಉದುರುತ್ತಿತ್ತು.

"ಆರ್ಸೋ! ಆರ್ಸೋ ಇದನ್ನ!" ಭಾವ ಕೂಗಿದರು. ನಿಲ್ಲಿಸುವ ಸರಳನ್ನು ಎಳೆದೂ ಎಳೆದೂ ಅದು ಕೈಗೇ ಬಂತು. ಪಂಪಿನ ಒಳಗೆ ಏನೋ ಸಿಕ್ಕಿಕೊಂಡುಬಿಟ್ಟಿತ್ತು. ಪೆಟ್ರೋಲ್ ಇಂಜಿನ್ನಾದರೆ ಚಾವಿ ತಿರುಗಿಸಿದರೆ ಕಿಡಿ ನಿಂತು ಆರುತ್ತದೆ. ಇದಕ್ಕೆ ಕಿಡಿಯೇ ಇಲ್ಲ. ಒಳಗೆ ಎಣ್ಣೆ ಹೋಗುತ್ತಲೇ ಇತ್ತು, ಉರಿಯುತ್ತಲೇ ಇತ್ತು.

ನನ್ನ ಗಂಡ ಬಾನೆಟ್ಟಿನ ಪಕ್ಕ ನಿಂತವರು ನಿಂತೇ ಇದ್ದರು. ಕೈಗಳನ್ನು ಎದೆಗೆ ಒತ್ತಿಕೊಂಡಿದ್ದರು. ಬೆಂಕಿ ಬಿದ್ದ ದಿನವೂ ಅವರ ಕಣ್ಣಿನಲ್ಲಿ ನಾನು ಅಂಥ ಭಯ ಕಂಡಿರಲಿಲ್ಲ. ನಾನು ಓಡಿ ಹೋಗಿ ಅವರ ರಟ್ಟೆ ಹಿಡಿದು ಅಲುಗಾಡಿಸಿದೆ. "ಏನ್ ಮಾಡ್ಬೇಕು? ಹೇಳ್ರೀ!"

"ಗಾಳಿ," ಎಂದರು. ಆಮೇಲೆ ಕೂಗಿದರು, "ಗಾಳಿ ಮುಚ್ಬೇಕು! ಆ ಬಾಯಿ ಮುಚ್ಚು!"

ಡಬ್ಬಿ ಹಾಕದ ಕಡೆ ಇಂಜಿನ್ನಿನ ಗಾಳಿಯ ಬಾಯಿ ತೆರೆದಿತ್ತು. ಅದು ಊಳಿಡುತ್ತಾ ಗಾಳಿ ಎಳೆದುಕೊಳ್ಳುತ್ತಿತ್ತು. ಅತ್ತೆ ಕೂತು ಸೊಪ್ಪು ಬಿಡಿಸುತ್ತಿದ್ದ ಮಣೆ ಹಿತ್ತಲಿನ ಕಟ್ಟೆಯ ಹತ್ತಿರವೇ ಇತ್ತು. ಅದನ್ನೆತ್ತಿ ತಂದು ಆ ಬಾಯಿಗೆ ಒತ್ತಿದೆ. ಮಣೆ ಕಟಕಟ ಬಡಿದು ಜಾರುತ್ತಿತ್ತು. ಆಗ ಅವರು ಬಂದರು. ನನ್ನ ಹಿಂದಿನಿಂದ ಎರಡೂ ಕೈ ಚಾಚಿ, ಆ ಸುಟ್ಟ ಕೈಯನ್ನೂ ನನ್ನ ಕೈಮೇಲಿಟ್ಟು, ತಮ್ಮ ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಇಂಜಿನ್ನು ಒಮ್ಮೆ ಉಬ್ಬಸ ಪಟ್ಟಿತು, ಕೆಮ್ಮಿತು, ನಿಂತಿತು.

ಆಮೇಲೆ ಬಂದ ನಿಶ್ಶಬ್ದದಲ್ಲಿ ಪಕ್ಕದ ಮನೆಯ ಮಗು ಅಳುವುದು ಕೇಳಿಸಿತು. ನನ್ನ ಗಂಡ ಬಸ್ಸಿನ ಚಕ್ರಕ್ಕೆ ಒರಗಿ ನೆಲಕ್ಕೆ ಕುಸಿದರು. ಭಾವ ಇಳಿದು ಬಂದರು, ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ.

"ನನ್ನ ಕೈಲಿ ಆಗಕ್ಕಿಲ್ಲ ಅಣ್ಣ," ಎಂದರು ನನ್ನ ಗಂಡ. "ಕಾಲೇ ಏಳ್ಲಿಲ್ಲ. ಬೆಳಿಗ್ಗೆ ನೀನು ಬಸ್ಸು ಸ್ಟಾರ್ಟ್ ಮಾಡುವಾಗೆಲ್ಲ ನಾನು ಬೀದೀಗೆ ಓಡೋಗ್ತೀನಲ್ಲ, ಸಿಟ್ಟಿಗಲ್ಲ. ಹೆದರ್ಕೊಂಡು. ಆ ಢಬ್ ಅನ್ನೋದು ಕಿವೀಲೇ ಕೂತದೆ. ಪೆಟ್ರೋಲಿಂದೇ ಇರ್ಲಿ ಅಂತ ನಾನು ಹಟ ಹಿಡಿದಿದ್ದು ಯಾಕೆ ಗೊತ್ತಾ? ಅದನ್ನ ತೆಗೆಸ್ಬುಟ್ರೆ, ಬೆಂಕಿಗೆ ಹೆದ್ರಿ ತೆಗೆಸ್ದ ಅಂತ ಆಗೋಯ್ತದೆ ಅಂತ. ಹೆದ್ರಿಕೇನ ಹೆಂಗೆ ಬಾಯ್ಬುಟ್ಟು ಹೇಳ್ಲಿ?"

ನಾನು ಅಲ್ಲಿಯೇ ನಿಂತಿದ್ದೆ. ಇಷ್ಟು ತಿಂಗಳು ಒಂದೇ ಕೋಣೆಯಲ್ಲಿ ಮಲಗಿ ಎದ್ದವಳಿಗೆ ಇದು ತಿಳಿದಿರಲಿಲ್ಲ. ಸಿಟ್ಟೆಂದು ತಿಳಿದು ನಾನೂ ಬಿಗಿದುಕೊಂಡಿದ್ದೆ.

ಭಾವ ತಮ್ಮನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. "ನಿಂಗೆ ಗೊತ್ತು ತಾನೆ?" ಎಂದರು.

"ಏನು?"

"ಆವತ್ತು ನೀನಿನ್ನೂ 'ಹೊಡಿ' ಅಂದಿರ್ಲಿಲ್ಲ. ಪೆಟ್ರೋಲ್ ಡಬ್ಬ ನಿನ್ನ ಕೈಲೇ ಇತ್ತು. ಜನ ಕಾಯ್ತಾವ್ರೆ ಅಂತ ನಾನೇ ಅವಸರ ಬಿದ್ದು ಹ್ಯಾಂಡ್ಲು ಹೊಡೆದ್ಬುಟ್ಟೆ."

"ಗೊತ್ತು," ಎಂದರು ನನ್ನ ಗಂಡ.

"ಗೊತ್ತಿದ್ದೂ ಯಾರ್ಗೂ ಹೇಳ್ಲಿಲ್ವಲ್ಲೋ."

"ಏನಂತ ಹೇಳ್ಲಿ?"

ಭಾವ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ಆ ಹ್ಯಾಂಡ್ಲು ಹಿಡಿಯೋಕೆ ಇನ್ನು ನನ್ನ ಕೈಲಿ ಆಗ್ತಿರ್ಲಿಲ್ಲ ಕಣೋ. ಅದ್ಕೇ ಡೀಸೆಲ್ಲು ಡೀಸೆಲ್ಲು ಅಂದಿದ್ದು. ಖರ್ಚು ಗಿರ್ಚು ಎಲ್ಲ ಸುಳ್ಳು," ಎಂದರು. ಅತ್ತೆ ಬಾಗಿಲಲ್ಲಿ ನಿಂತು ಇದೆಲ್ಲ ಕೇಳಿಸಿಕೊಂಡರು. ಒಳಗೆ ಹೋಗಿ ಎರಡು ಲೋಟ ನೀರು ತಂದು ಇಬ್ಬರ ಮುಂದೆಯೂ ಇಟ್ಟರು.

ಇಷ್ಟು ಮಾತಾಡಿದ ಮೇಲೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಇಂಜಿನ್ನಿನ ಒಳಗಿನ ಸರಳುಗಳು ಬಾಗಿದ್ದವು. ಬಸ್ಸು ಎಷ್ಟೋ ದಿನ ನಿಂತಿತು. ನನ್ನ ಗಂಡ ಪಂಪನ್ನು ನನ್ನದೊಂದು ಹಳೇ ಸೀರೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಒಯ್ದರು. ಅಲ್ಲಿ ಆ ಕೆಲಸ ಮಾಡುವ ಕೋಣೆಗೆ ಮೊದಲು ಅವರನ್ನು ಬಿಡಲಿಲ್ಲವಂತೆ. ಗಾಜಿನ ಆಚೆ ನಿಂತು ನೋಡಿದರಂತೆ. ಕೊನೆಗೆ ಚಪ್ಪಲಿ ಬಿಡಿಸಿ, ಕೈ ತೊಳೆಸಿ ಒಳಗೆ ಕರೆದರಂತೆ. ಒಂದು ಕಣ ದೂಳು ಕೂತರೂ ಪಂಪು ಕಚ್ಚಿಕೊಳ್ಳುತ್ತದೆಂದು ತೋರಿಸಿದರಂತೆ.

ಬಂದವರು ನನಗೆ ಹೇಳಿದರು: "ಅದು ನನ್ನ ಕೈಗೆ ಒಗ್ಗೋ ಕೆಲ್ಸ ಅಲ್ಲ ಕಣೇ. ಪಂಪಿನ ಸರಳು ಕೊಳವೇಲಿ ಜಾರೋದು ಬೆರಳಿಗೆ ತಿಳೀಬೇಕು. ನಂಗೆ ತಿಳಿಯಕ್ಕಿಲ್ಲ." ದುಃಖದಿಂದ ಹೇಳಿದರೋ ಸಮಾಧಾನದಿಂದಲೋ ನನಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಕೇಳದೆಯೇ ಹೇಳಿದರು, ಅದು ಹೊಸದು.

ಬಸ್ಸು ಡೀಸೆಲ್ಲಿನಲ್ಲಿಯೇ ಓಡಿತು, ಅದನ್ನು ಮಾರುವವರೆಗೂ. ಭಾವನೇ ಓಡಿಸಿದರು. ಗುಂಡಿ ಒತ್ತುವ ಮೊದಲು ಕಿಟಕಿಯಿಂದ ತಲೆ ಹಾಕಿ, "ಒತ್ಲಾ?" ಎಂದು ಕೂಗುವುದು ಅವರಿಗೆ ಅಭ್ಯಾಸವಾಗಿಹೋಯಿತು. ಯಾರಾದರೂ "ಹೂಂ" ಎನ್ನುವವರೆಗೂ ಒತ್ತುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಜನ ಇದನ್ನು ನೋಡಿ ನಗುತ್ತಿದ್ದರು. ಅಣ್ಣತಮ್ಮಂದಿರು ಮೊದಲಿಗಿಂತ ಕಡಿಮೆಯೇ ಮಾತಾಡುತ್ತಿದ್ದರು. ಆದರೆ ಒಬ್ಬರು ಬಾರದೆ ಇನ್ನೊಬ್ಬರು ಊಟಕ್ಕೆ ಕೂರುತ್ತಿರಲಿಲ್ಲ.

ಮುಂದಿನ ವರ್ಷ ಒಬ್ಬ ಹಳೇ ಟ್ಯಾಕ್ಸಿಯವನು ಬಂದು, ಕಾರು ನಡುನಡುವೆ ನಿಂತುಹೋಗುತ್ತದೆ, ಸುಮ್ಮನೆ ಒಂದು ಸಲ ನೋಡಿ ಎಂದು ಗೋಗರೆದ. ನನ್ನ ಗಂಡ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದು ಕೊನೆಗೆ ಹೋದರು. ಬಾನೆಟ್ಟು ಎತ್ತಿಸಿದರು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ಒಳಗೆ ಬಂದುಬಿಟ್ಟರು. ಹಣೆಯ ಮೇಲೆ ಬೆವರು. ನಾನು ನೀರು ಕೊಟ್ಟೆ.

"ಹೇಳಿ ಕಳಿಸ್ಲಾ, ಆಗಲ್ಲ ಅಂತ?" ಎಂದು ಕೇಳಿದೆ.

"ಇರು," ಎಂದರು. ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು. ಮತ್ತೆ ಹೊರಗೆ ಹೋದರು. ಟ್ಯಾಕ್ಸಿಯವನನ್ನು ದೂರ ನಿಲ್ಲಲು ಹೇಳಿ, ಎಡಗೈಯಲ್ಲಿ ತಿರುಪು ಹಿಡಿದರು. ಎಡಗೈ ಕಲಿಯಬೇಕಾಗಿತ್ತು. ಎರಡು ಸಲ ತಿರುಪಿನಿಂದ ಕೈ ಜಾರಿತು. ಹಿಂದೆ ಒಂದು ಗಳಿಗೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಆ ದಿನ ಸಂಜೆಯವರೆಗೂ ಹಿಡಿಯಿತು. ನಾನು ಬಾಗಿಲು ಬಿಟ್ಟು ಕದಲಲಿಲ್ಲ.